ಅರವತ್ತೊಂದನೇ ದೃಶ್ಯದ ಬಾಗಿಲು

"ಇನ್ನೊಂದು ಸಲ," ಎಂದರು ಇನ್ಸ್‌ಪೆಕ್ಟರ್.

ಗಾಯಕ ಬಾಗಿಲ ಮುಂದೆ ನಿಂತ. ಸೊಂಟಕ್ಕಿಂತ ಕೆಳಗಿದ್ದ ಅಡ್ಡ ಹಿಡಿಯನ್ನು ಬಲಗೈಯಿಂದ ಹಿಡಿದ. ಬಲ ಮೊಣಕಾಲನ್ನು ಅದರ ಕೆಳಗೆ ಕೊಟ್ಟು ಮೇಲಕ್ಕೆ ಎತ್ತಿದ. ಎಡ ಅಂಗೈಯನ್ನು ತಲೆಯ ಎತ್ತರದಲ್ಲಿ ಚೌಕಟ್ಟಿಗೆ ಒತ್ತಿದ. ಆಮೇಲೆ ಎಳೆದ. ಬಾಗಿಲು ಒಳಕ್ಕೆ ತೆರೆದುಕೊಂಡಿತು.

ಇದು ಐದನೇ ಸಲ. ಐದು ಸಲವೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ.

ಇನ್ಸ್‌ಪೆಕ್ಟರ್ ಬಾಗಿಲನ್ನು ಮುಚ್ಚಿದರು. ಎರಡು ಬೆರಳಿನಿಂದ ಹಿಡಿಯನ್ನು ಎಳೆದರು. ಬಾಗಿಲು ಸದ್ದಿಲ್ಲದೆ ಬಂತು.

"ನನಗೆ ಎರಡು ಬೆರಳು ಸಾಕಾಯ್ತು. ನಿಮಗೆ ಮೊಣಕಾಲು ಯಾಕೆ ಬೇಕು?"

"ಗೊತ್ತಿಲ್ಲ ಮೇಡಂ."

"ಸಿನಿಮಾದಲ್ಲಿ ಸಿಟ್ಟು ಮಾಡ್ಕೊಂಡು ಹೊರಗೆ ಹೋಗೋ ದೃಶ್ಯ ಇದು. ಸಿಟ್ಟಲ್ಲಿ ಇರೋನು ಬಾಗಿಲು ಎಳೀತಾನೆ, ಹೋಗ್ತಾನೆ. ಲಾರಿ ಟೈರ್ ಬಿಚ್ಚೋನ ಥರ ನಿಂತ್ಕೊಳ್ಳಲ್ಲ."

ಗಾಯಕ ನಕ್ಕ. ತಕ್ಷಣ ಹಣೆಯ ಮೇಲಿನ ಕೂದಲನ್ನು ಮುಟ್ಟಿ ನೋಡಿಕೊಂಡ. ಅದು ಟೋಪನ್ ಕೂದಲು. ಇಪ್ಪತ್ತೇಳನೇ ವಯಸ್ಸಿನಲ್ಲಿ ಅವನಿಗಿದ್ದ ಕೂದಲಿನ ಅಚ್ಚು. ಈಗ ಅವನಿಗೆ ನಲವತ್ತೊಂಬತ್ತು. ತನ್ನದೇ ಜೀವನದ ಸಿನಿಮಾದಲ್ಲಿ ತನ್ನ ಯೌವನದ ಪಾತ್ರವನ್ನು ತಾನೇ ಮಾಡುತ್ತಿದ್ದ. ಮೇಕಪ್ಪಿಗೆ ದಿನಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು.

ಅವರು ನಿಂತಿದ್ದದ್ದು ಸ್ಟುಡಿಯೋದ ಎರಡನೇ ಮಹಡಿಯಲ್ಲಿ ಹಾಕಿದ್ದ ಸೆಟ್‌ನೊಳಗೆ. ಸಾಮಾನ್ಯವಾಗಿ ಸೆಟ್‌ಗೆ ಮೂರೇ ಗೋಡೆ ಇರುತ್ತವೆ. ಇದಕ್ಕೆ ನಾಲ್ಕೂ ಇದ್ದವು, ಮೇಲೆ ಚಾವಣಿಯೂ ಇತ್ತು. ಹಾಡನ್ನು ಅಲ್ಲೇ ನೇರವಾಗಿ ರೆಕಾರ್ಡ್ ಮಾಡಬೇಕೆಂದು ಡೈರೆಕ್ಟರ್ ಹಟ ಹಿಡಿದಿದ್ದರಿಂದ ಗೋಡೆಗೆಲ್ಲ ಸ್ಪಂಜ್ ಹೊದಿಸಿದ್ದರು. ಕಿಟಕಿ ಇರಲಿಲ್ಲ. ಬಾಗಿಲು ಮುಚ್ಚಿದರೆ ತಮ್ಮ ಉಸಿರು ತಮಗೇ ಕೇಳುತ್ತಿತ್ತು.

ಸಂಜೆ ಐದಕ್ಕೆ ಈ ಸೆಟ್ ಒಡೆಯಬೇಕು. ಬೇರೆ ಕಂಪನಿಯವರ ಆಸ್ಪತ್ರೆ ಸೆಟ್ ಅದೇ ಜಾಗಕ್ಕೆ ಬರುತ್ತದೆ. ಈಗ ನಾಲ್ಕು ಗಂಟೆ ಐದು ನಿಮಿಷ.

ಎರಡು ದಿನದ ಹಿಂದೆ ಈ ಸಿನಿಮಾದ ಕಂಟಿನ್ಯುಟಿ ಬರೆಯುವ ಹೆಂಗಸು ಒಂದು ನೋಟ್‌ಬುಕ್ ಹಿಡಿದು ಠಾಣೆಗೆ ಬಂದಿದ್ದಳು. ನಟ ಯಾವ ಕೈಯಲ್ಲಿ ಲೋಟ ಹಿಡಿದಿದ್ದ, ಅಂಗಿಯ ಎಷ್ಟು ಗುಂಡಿ ಹಾಕಿದ್ದ ಎಂದು ಪ್ರತಿ ಟೇಕಿಗೂ ಬರೆದಿಡುವುದು ಅವಳ ಕೆಲಸ. ಸೆಟ್‌ನಲ್ಲಿ ಎಲ್ಲರೂ ಅವಳನ್ನು ನೆನಪಮ್ಮ ಎನ್ನುತ್ತಿದ್ದರು. ನೋಟ್‌ಬುಕ್ಕಿನಲ್ಲಿ ಅರವತ್ತೊಂದನೇ ದೃಶ್ಯದ ಕೆಳಗೆ ಹೀಗಿತ್ತು: ಟೇಕ್ ನಾಲ್ಕು. ಬಲ ಮೊಣಕಾಲು ಹಿಡಿಯ ಕೆಳಗೆ. ಎಡ ಅಂಗೈ ಚೌಕಟ್ಟಿಗೆ. ಎತ್ತಿ ಎಳೆದ.

"ಯಾರೂ ಹೇಳಿಕೊಡದೆ ಮಾಡಿದ್ರು ಮೇಡಂ," ಎಂದಿದ್ದಳು ನೆನಪಮ್ಮ. "ನಿಜವಾದ ಕೋಣೆಯ ಬಾಗಿಲು ಯಾವಾಗ ಅಂಟಿಕೊಳ್ತಿತ್ತು ಅಂತ ನಿಮ್ಮ ಹಳೇ ಫೈಲಲ್ಲಿ ನೋಡಿ."

ಇನ್ಸ್‌ಪೆಕ್ಟರ್ ನೋಡಿದ್ದರು. ಫೈಲ್ ಇಪ್ಪತ್ತೆರಡು ವರ್ಷ ಹಳೆಯದು.

ಟೈರ್ ಗೋದಾಮಿನ ನೆಲಮಾಳಿಗೆಯಲ್ಲಿ ಒಂದು ಕೋಣೆ; ಈ ಸೆಟ್ ಅದರದೇ ನಕಲು. ಗಾಯಕ ಮತ್ತು ಅವನ ಡ್ರಮ್ಮರ್ ಅಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದರು. ಆ ದಿನ ಬಡಗಿಯೊಬ್ಬ ಬಾಗಿಲಿಗೆ ದಪ್ಪ ಹಲಗೆ, ಸ್ಪಂಜ್ ಹೊಡೆದು ಎರಡು ಗಂಟೆಗೆ ಹೋದ. ಎರಡೂವರೆಗೆ ಕಾರ್ಪೆಟ್‌ನವರು ಬಂದು, ಕೆಲಸ ಮುಗಿಸಿ ನಾಲ್ಕಕ್ಕೆ ಹೋದರು. ಕಾರ್ಪೆಟ್ ಬಿದ್ದ ಮೇಲೆ ಬಾಗಿಲು ನೆಲಕ್ಕೆ ಕಚ್ಚಿಕೊಂಡಿತು. ನಾಲ್ಕು ಗಂಟೆ ಐದು ನಿಮಿಷಕ್ಕೆ ಡ್ರಮ್ಮರ್ ಬಂದು ಕಾವಲುಗಾರನ ಬಳಿ ಕೀ ತೆಗೆದುಕೊಂಡ. ರಿಜಿಸ್ಟರಿನಲ್ಲಿ ಅವನೊಬ್ಬನ ಹೆಸರಿತ್ತು. ಏಕೆಂದರೆ ಕೀ ತೆಗೆದುಕೊಂಡವರ ಹೆಸರನ್ನು ಮಾತ್ರ ಬರೆಯುತ್ತಿದ್ದರು. ನಾಲ್ಕು ಐವತ್ತಕ್ಕೆ ಕರೆಂಟ್ ಹೋಯಿತು. ಪಕ್ಕದ ಗೂಡಿನಲ್ಲಿದ್ದ ಜನರೇಟರ್ ಶುರುವಾಯಿತು. ಅದರ ಹೊಗೆ ಕೋಣೆಗೆ ನುಗ್ಗಿತು. ಏಳೂವರೆಗೆ ಅಗ್ನಿಶಾಮಕದವರು ಬಾಗಿಲು ಒಡೆದಾಗ ಡ್ರಮ್ಮರ್ ಸತ್ತಿದ್ದ.

ಅಂದರೆ ಅಂಟಿಕೊಳ್ಳುವ ಆ ಬಾಗಿಲಿನ ಆಯುಷ್ಯ ಮೂರೂವರೆ ಗಂಟೆ. ಅದಕ್ಕೆ ಮುಂಚೆ ಅದು ಸಲೀಸಾಗಿತ್ತು. ಆಮೇಲೆ ಚೂರಾಯಿತು. ಅದನ್ನು ತೆಗೆಯುವ ಉಪಾಯ ಗೊತ್ತಿರುವವರು ಆ ಮೂರೂವರೆ ಗಂಟೆಯೊಳಗೆ ಅದನ್ನು ಮುಟ್ಟಿರಲೇಬೇಕು.

ಸಿನಿಮಾದ ಅರವತ್ತೊಂದನೇ ದೃಶ್ಯವೋ, ಸಾವಿಗೆ ಒಂದು ವಾರ ಮುಂಚಿನದು. ಆಗಿನ ಬಾಗಿಲಿಗೆ ಸ್ಪಂಜೂ ಇರಲಿಲ್ಲ, ನೆಲಕ್ಕೆ ಕಾರ್ಪೆಟ್ಟೂ ಇರಲಿಲ್ಲ.

ಬಡಗಿಗೆ ಎರಡು ವರ್ಷ ಜೈಲಾಗಿತ್ತು. ಕಾರ್ಪೆಟ್ ಹಾಕಿದ ಮೇಲೆ ಬಂದು ಬಾಗಿಲಿನ ಬುಡ ಕೆತ್ತಬೇಕೆಂದು ಹೇಳಿದ್ದರೂ ಬರಲಿಲ್ಲ ಎಂಬುದು ಆರೋಪ. "ನನಗೆ ಯಾರೂ ಹೇಳಲಿಲ್ಲ. ಕಾರ್ಪೆಟ್ ಹಾಕಿದ ಮೇಲೆ ಆ ಬಾಗಿಲನ್ನು ನಾನು ಕಣ್ಣಿಂದಲೂ ನೋಡಿಲ್ಲ," ಎಂದು ಅವನು ಕೋರ್ಟಿನಲ್ಲಿ ಕೊನೆಯವರೆಗೂ ಹೇಳಿದ್ದ.

"ಮೊಣಕಾಲು ಸಾಕ್ಷಿ ಅಲ್ಲ," ಎಂದಿದ್ದರು ಬೆಳಿಗ್ಗೆ ಮೇಲಧಿಕಾರಿ. "ಸೆಟ್ ಇರೋ ತನಕ ಟೈಮ್ ತಗೊಳ್ಳಿ. ಆಮೇಲೆ ಫೈಲ್ ವಾಪಸ್ ಕಪಾಟಿಗೆ."

* * *

"ಆ ದಿನ ಎಲ್ಲಿದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಮಧ್ಯಾಹ್ನ ಹನ್ನೆರಡರಿಂದ ಸಿನಿಮಾ ಆಫೀಸು. ಮೊದಲನೇ ಪಿಕ್ಚರಿಗೆ ಸಹಿ ಹಾಕಿದ ದಿನ ಅದು. ಐದೂವರೆಯಿಂದ ಎಂಟರ ತನಕ ರೇಡಿಯೋದಲ್ಲಿ ನೇರ ಕಾರ್ಯಕ್ರಮ. ಅಲ್ಲೇ ಸುದ್ದಿ ಬಂತು. ಮೈಕ್ ಮುಂದೆ ಕೂತಿದ್ದೆ. ಗೆಳೆಯನಿಗೋಸ್ಕರ ಹಾಡ್ತೀನಿ ಅಂತ ಹೇಳಿ ಆ ಹಾಡು ಹಾಡಿದೆ."

ಒಂದೇ ಉಸಿರಿಗೆ ಹೇಳಿದ. ಇನ್ಸ್‌ಪೆಕ್ಟರ್ ಆ ಮಾತನ್ನು ಕಳೆದ ರಾತ್ರಿ ಹನ್ನೊಂದು ಹಳೆಯ ಸಂದರ್ಶನಗಳಲ್ಲಿ ಓದಿದ್ದರು. ಒಂದು ಪದವೂ ಬದಲಾಗಿರಲಿಲ್ಲ.

"ಸಿನಿಮಾ ಆಫೀಸಿನಲ್ಲಿ ಫೋಟೋ ತೆಗೆಯೋದು ಮೂರೂ ಮುಕ್ಕಾಲಿಗೆ ಮುಗೀತು. ಅಲ್ಲಿಂದ ಗೋದಾಮಿಗೆ ಹದಿನೈದು ನಿಮಿಷ. ಗೋದಾಮಿಂದ ರೇಡಿಯೋಗೆ ಇಪ್ಪತ್ತೈದು. ನಾಲ್ಕರಿಂದ ಐದರ ತನಕ ಎಲ್ಲಿದ್ರಿ?"

"ಕಾರಲ್ಲಿ ಇದ್ದೆ ಅಂತ ಅಕ್ಕ ಹೇಳಿದ್ದಾಳಲ್ಲ."

"ನಿಮ್ಮಕ್ಕ ಹೇಳಿದ್ದು ಫೈಲಲ್ಲಿದೆ. ನಾನು ಕೇಳ್ತಿರೋದು ನಿಮ್ಮನ್ನ."

ಗಾಯಕ ಡ್ರಮ್ ಮುಂದಿನ ಸ್ಟೂಲಿನ ಮೇಲೆ ಕೂತ. ಚರ್ಮದ ಜಾಕೆಟ್ ಬಿಚ್ಚಲು ಹೋಗಿ, ಯಾರೋ ಬೈದವರಂತೆ ಮತ್ತೆ ಹಾಕಿಕೊಂಡ.

"ಮೇಡಂ, ನಿಜ ಹೇಳ್ಲಾ? ಈ ಮಾತನ್ನ ಎಷ್ಟು ಸಲ ಹೇಳಿದೀನಿ ಅಂದ್ರೆ, ಈಗ ನೆನಪಾಗೋದು ಆ ದಿನ ಅಲ್ಲ, ಆ ಮಾತು. ಮೂವತ್ನಾಲ್ಕು ಸಿನಿಮಾ ಮಾಡಿದೀನಿ. ಅದರಲ್ಲಿ ಇಪ್ಪತ್ತೊಂದರಲ್ಲಿ ಗಾಯಕನ ಪಾತ್ರ. ಯಾವುದು ಸಿನಿಮಾದಲ್ಲಿ ಆಗಿದ್ದು, ಯಾವುದು ನನಗೆ ಆಗಿದ್ದು ಅಂತ ಒಮ್ಮೊಮ್ಮೆ ಕಲಸಿಹೋಗುತ್ತೆ."

"ಹಾಡು?"

"ಒಂದೇ ಹಾಡು. ಎಲ್ಲಿ ಹೋದ್ರೂ ಅದನ್ನೇ ಕೇಳ್ತಾರೆ. ಆ ಮೇಲಿನ ಸ್ವರ ನನಗೆ ಹತ್ತಲ್ಲ ಈಗ. ಏಳು ವರ್ಷದಿಂದ ಶ್ರುತಿ ಇಳಿಸಿ ಹಾಡ್ತಿದೀನಿ. ಯಾರಿಗೂ ಗೊತ್ತಾಗಿಲ್ಲ. ಅವರೇ ಕೂಗ್ತಿರ್ತಾರಲ್ಲ, ನನ್ನ ದನಿ ಯಾರಿಗೆ ಕೇಳ್ಬೇಕು." ಸ್ವಲ್ಪ ತಡೆದು ಕೇಳಿದ, "ಜೈಲಲ್ಲೂ ಆ ಹಾಡು ಹಾಡು ಅಂತಾರಾ ಮೇಡಂ?"

"ಕೇಳಬಹುದು."

"ಹಾಗಿದ್ರೆ ಬೇಡ ಬಿಡಿ."

ಅದು ತಮಾಷೆಯೋ ಅಲ್ಲವೋ ಇನ್ಸ್‌ಪೆಕ್ಟರ್‌ಗೆ ತಿಳಿಯಲಿಲ್ಲ.

"ನಿಮ್ಮ ಫೋನ್ ಎಲ್ಲಿ?"

"ಅಕ್ಕನ ಹತ್ರ."

"ಮನೆ ಬೀಗದ ಕೀ?"

"ಅದೂ. ಒಂದು ಸಲ ಕೇಳ್ದೆ. ನಿನಗ್ಯಾಕೋ, ಬಾಗಿಲು ತೆಗೆಯೋಕೆ ನಾವಿಲ್ವಾ ಅಂದ್ಲು." ಅವನು ಸ್ಪಂಜ್ ಹೊದಿಸಿದ ಗೋಡೆಯನ್ನು ನೋಡಿದ. "ನನಗೆ ಈ ರೂಮು ಅಭ್ಯಾಸ ಆಗಿದೆ ಮೇಡಂ. ಇವರು ಸೆಟ್ ಹಾಕೋಕೆ ಮುಂಚೆನೂ."

ಇನ್ಸ್‌ಪೆಕ್ಟರ್ ಇನ್ನೊಂದು ಸ್ಟೂಲ್ ಎಳೆದು ಅವನೆದುರು ಕೂತರು.

"ಹಾಡಿನ ಮೇಲೆ ಆಗ ಇಬ್ಬರ ಹೆಸರಿತ್ತು. ಡ್ರಮ್ಮರ್ ಸತ್ತ ಮೇಲೆ ಬಂದ ಕ್ಯಾಸೆಟ್ಟಲ್ಲಿ ಒಬ್ಬರದೇ ಉಳೀತು. ನೀವು ಸಿನಿಮಾಕ್ಕೆ ಹೋಗೋದು ಅವನಿಗೆ ಇಷ್ಟ ಇರಲಿಲ್ಲ. ಈಗ ಈ ಮೊಣಕಾಲು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏನು ಕಾಣುತ್ತೆ?"

"ನಾನು ಸಿಕ್ಕಿಹಾಕ್ಕೊಂಡಿರೋದು ಕಾಣುತ್ತೆ."

"ಹಾಗಾದ್ರೆ ಹೇಳಿ. ಬಾಗಿಲು ಹೀಗೆ ತೆಗೀಬೇಕು ಅಂತ ನಿಮಗೆ ಹೇಗೆ ಗೊತ್ತು?"

ಗಾಯಕ ತಗ್ಗಿದ ದನಿಯಲ್ಲಿ ಹೇಳಿದ: "ನನಗೆ ನಟನೆ ಬರಲ್ಲ ಮೇಡಂ."

"ಅಂದ್ರೆ?"

"ಮೂವತ್ನಾಲ್ಕು ಸಿನಿಮಾದಲ್ಲೂ ಒಂದೇ ಕೆಲಸ. ಯಾರಾದ್ರೂ ಮಾಡಿ ತೋರಿಸ್ತಾರೆ, ನಾನು ಹಾಗೇ ಮಾಡ್ತೀನಿ. ಕೈ ಎಷ್ಟು ಎತ್ತಬೇಕು, ಕಣ್ಣು ಯಾವಾಗ ಮುಚ್ಚಬೇಕು, ಎಲ್ಲ. ಲೈಟ್ ಹುಡುಗರು ನನ್ನನ್ನ ಹಿಂದಿಂದ ಏನಂತಾರೆ ಗೊತ್ತಾ? ಕಾರ್ಬನ್. ಕಾರ್ಬನ್ ಸಾರ್ ಬಂದ್ರು ಲೈಟ್ ಹಾಕ್ರೋ ಅಂತಾರೆ. ನನಗೆ ಕೇಳ್ಸುತ್ತೆ. ಬೇಜಾರೇನಿಲ್ಲ. ನಿಜಾನೇ ಅಲ್ವಾ?"

"ಈ ದೃಶ್ಯ ಯಾರು ತೋರಿಸಿದ್ರು?"

"ಶೂಟಿಂಗ್ ದಿನ ಡೈರೆಕ್ಟರಿಗೆ ಜ್ವರ. ಬೆಳಿಗ್ಗೆ ರಿಹರ್ಸಲ್ ಮಾಡಿಸಿದ್ದು…" ಗಾಯಕ ನಿಲ್ಲಿಸಿದ.

ಬಾಗಿಲು ತೆರೆಯಿತು.

* * *

ಅಕ್ಕ ಒಳಗೆ ಬಂದಳು. ಅವನಿಗಿಂತ ಆರು ವರ್ಷ ದೊಡ್ಡವಳು. ಅವನ ಮ್ಯಾನೇಜರ್ ಕೂಡ. ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಇನ್ನೊಂದರಲ್ಲಿ ದಪ್ಪನೆಯ ಫೈಲು.

"ನಾಲ್ಕು ಕಾಲಾಯ್ತು ಪುಟ್ಟ. ನೀರು ಕುಡಿ."

ನಲವತ್ತೊಂಬತ್ತು ವರ್ಷದ ಪುಟ್ಟ ಲೋಟ ತೆಗೆದುಕೊಂಡು ಕುಡಿದ.

"ವಿಚಾರಣೆ ನಡೀತಿದೆ," ಎಂದರು ಇನ್ಸ್‌ಪೆಕ್ಟರ್.

"ನಡೀಲಿ. ಅದಕ್ಕೂ ಗಂಟಲು ಬೇಕಲ್ಲ."

"ಅರವತ್ತೊಂದನೇ ದೃಶ್ಯದ ರಿಹರ್ಸಲ್ ನೀವು ಮಾಡಿಸಿದ್ದಾ?"

"ಹೌದು." ಒಂದು ಕ್ಷಣವೂ ತಡೆಯಲಿಲ್ಲ. "ಅದಕ್ಕೇನೀಗ?"

"ಮೊಣಕಾಲು ಕೊಟ್ಟು ಬಾಗಿಲು ಎತ್ತಬೇಕು ಅಂತ ತೋರಿಸಿದ್ದು ನೀವೇ?"

"ನಾನೇ."

ಗಾಯಕ ಲೋಟದಿಂದ ತಲೆ ಎತ್ತಲಿಲ್ಲ. ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ತೆಗೆದರು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಈ ಹೆಂಗಸನ್ನು ಕೋಣೆಯ ಒಳಗೆ ಇಟ್ಟು ಯೋಚಿಸಿರಲಿಲ್ಲ. ಫೈಲಿನಲ್ಲಿ ಅವಳು ಕಾರು ಓಡಿಸಿದವಳು ಮಾತ್ರ.

"ನಿಮಗೆ ಹೇಗೆ ಗೊತ್ತು?"

"ಓದೋಕೆ ಬರುತ್ತೆ, ಅದಕ್ಕೆ ಗೊತ್ತು." ಅಕ್ಕ ಫೈಲು ಬಿಚ್ಚಿ ಒಂದು ಹಳದಿ ಹಾಳೆ ತೆಗೆದುಕೊಟ್ಟಳು. "ನೋಡಿ. ಪುಟದಲ್ಲಿ ಏನಿದೆಯೋ ಅದನ್ನ ತೋರಿಸಿದೀನಿ. ನನ್ನ ಕಡೆಯಿಂದ ಒಂದು ಅಕ್ಷರ ಸೇರಿಸಿಲ್ಲ."

ಹಾಳೆಯಲ್ಲಿ ಟೈಪ್ ಮಾಡಿತ್ತು: ಮೊಣಕಾಲನ್ನು ಹಿಡಿಯ ಕೆಳಗೆ ಕೊಟ್ಟು ಬಾಗಿಲನ್ನು ಎತ್ತಿ, ಎಳೆದು ಹೊರಗೆ ಹೋಗುತ್ತಾನೆ.

ಇನ್ಸ್‌ಪೆಕ್ಟರ್ ಡೈರೆಕ್ಟರ ಪ್ರತಿಯನ್ನು ನೆನಪಮ್ಮ ಠಾಣೆಗೆ ಬಂದ ದಿನವೇ ತರಿಸಿಕೊಂಡಿದ್ದರು. ಅದರಲ್ಲಿ ಅದೇ ಪುಟ ಬಿಳಿ ಹಾಳೆಯಲ್ಲಿತ್ತು: ಬಾಗಿಲು ತೆಗೆದು ಹೊರಗೆ ಹೋಗುತ್ತಾನೆ. ಅಷ್ಟೇ.

"ಹಳದಿ ಯಾಕೆ?"

"ಬದಲಾದ ಪುಟ ಹಳದೀಲಿ ಬರುತ್ತೆ. ಶೂಟಿಂಗ್ ಮುಗಿದ ಮೇಲೆ ವಾಪಸ್ ಕೊಡಬೇಕು. ನಾನು ಕೊಡಲ್ಲ. ನಾಳೆ ಯಾರಾದ್ರೂ ನಿನ್ನ ತಮ್ಮ ಹೇಳಿದ ಹಾಗೆ ಮಾಡ್ಲಿಲ್ಲ ಅಂದ್ರೆ ತೋರಿಸೋಕೆ ಬೇಕಲ್ಲ. ಅವಳೂ ಎರಡು ಸಲ ಕೇಳಿದ್ಲು. ಕಳೆದುಹೋಯ್ತು ಅಂದೆ."

"ಯಾರು ಕೇಳಿದ್ದು?"

"ಬದಲಾದ ಪುಟ ಟೈಪ್ ಮಾಡಿ ಹಂಚೋಳು. ನಿಮ್ಮ ನೆನಪಮ್ಮ."

* * *

ನೆನಪಮ್ಮ ಬರುವಾಗ ನಾಲ್ಕು ಇಪ್ಪತ್ತೈದು. ಮೂವತ್ತೊಂದು ವರ್ಷದ ಹೆಂಗಸು. ಕುತ್ತಿಗೆಯಲ್ಲಿ ಸ್ಟಾಪ್‌ವಾಚು, ಕೈಯಲ್ಲಿ ನೋಟ್‌ಬುಕ್ಕು. ಇನ್ಸ್‌ಪೆಕ್ಟರ್ ತೊಡೆಯ ಮೇಲಿದ್ದ ಹಳದಿ ಹಾಳೆಯನ್ನು ನೋಡಿದಳು. ಬಾಗಿಲನ್ನು ತಾನೇ ಮುಚ್ಚಿದಳು.

"ಯಾರೂ ಹೇಳಿಕೊಡದೆ ಮಾಡಿದ್ರು ಅಂತ ನನ್ನ ಹತ್ರ ಹೇಳಿದ್ರಿ," ಎಂದರು ಇನ್ಸ್‌ಪೆಕ್ಟರ್.

"ಹೌದು."

"ಈ ಪುಟ ಎರಡೇ ಪ್ರತಿ ಮಾಡಿ, ಇವರಿಬ್ಬರಿಗೆ ಮಾತ್ರ ಕೊಟ್ರಿ. ಡೈರೆಕ್ಟರಿಗೆ ಕೊಡಲಿಲ್ಲ."

"ಹೌದು."

"ಯಾಕೆ?"

ನೆನಪಮ್ಮ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಳು. "ಓದಿದ ಕೂಡಲೇ ಇವರ ಮುಖದಲ್ಲಿ ಏನಾದ್ರೂ ಕಾಣುತ್ತೆ ಅಂದ್ಕೊಂಡಿದ್ದೆ. ಅಲ್ಲಿ ಇದ್ದೋರಾಗಿದ್ರೆ ಬೆಚ್ಚಿಬೀಳ್ತಾರೆ, ಇದು ಹಾಕಿದ್ದು ಯಾರು ಅಂತ ಕೇಳ್ತಾರೆ ಅಂತ. ಇವರು ಓದೋದೇ ಇಲ್ಲ ಅಂತ ನನಗೆ ಗೊತ್ತಿರಲಿಲ್ಲ. ಅಕ್ಕ ಓದಿ ತೋರಿಸಿದ್ರು, ಇವರು ಮಾಡಿಬಿಟ್ರು. ಏನೂ ಕಾಣಲಿಲ್ಲ."

"ಕಾಣದೇ ಇದ್ದಿದ್ದಕ್ಕೆ ನೀವೇ ಒಂದು ಸಾಕ್ಷಿ ಮಾಡ್ಕೊಂಡು ಠಾಣೆಗೆ ಬಂದ್ರಿ."

ಅವಳು ಹಳದಿ ಹಾಳೆಯನ್ನೇ ನೋಡಿದಳು.

"ಯಾರಮ್ಮ ನೀನು?" ಅಕ್ಕ ಕೇಳಿದಳು. ಮೊದಲ ಸಲ ಅವಳ ದನಿ ಒರಟಾಗಿತ್ತು. "ನನ್ನ ತಮ್ಮ ನಿನಗೇನು ಮಾಡಿದ್ದ?"

"ಆ ಬಾಗಿಲಿನ ಬಡಗಿ ನಮ್ಮಪ್ಪ," ಎಂದಳು ನೆನಪಮ್ಮ. "ಅಪ್ಪ ಜೈಲಿಗೆ ಹೋದಾಗ ನನಗೆ ಒಂಬತ್ತು ವರ್ಷ. ಅದಾದ ಮೇಲೆ ಯಾರೂ ಅವರ ಕೈಲಿ ಬಾಗಿಲು ಮಾಡಿಸಲಿಲ್ಲ. ಸ್ಟೂಲು, ಮಣೆ, ಅಷ್ಟೇ ಮಾಡ್ತಾರೆ. ಇಡೀ ಬೀದಿಗೆ ನಾನು ಆಳನ್ನ ಕೊಂದೋನ ಮಗಳು."

ಅವಳು ಅಳಲಿಲ್ಲ. ಟೇಕಿನ ವಿವರ ಓದುವವರಂತೆ ಹೇಳಿದಳು.

ಇನ್ಸ್‌ಪೆಕ್ಟರ್ ಹಳದಿ ಹಾಳೆಯನ್ನು ಮಡಿಸಿ ಫೈಲಿಗೆ ಸೇರಿಸಿದರು. ಗಡಿಯಾರ ನೋಡಿದರು. ಗಾಯಕನ ಮೇಲಿದ್ದ ಸಾಕ್ಷಿ ಹೋಗಿತ್ತು. ಅದರ ಬದಲು ಇನ್ನೊಂದು ಕೂತಿತ್ತು. ಅದು ಅಲ್ಲಿದ್ದವರಲ್ಲಿ ಒಬ್ಬಳಿಗೆ ಇನ್ನೂ ಕಂಡಿರಲಿಲ್ಲ.

"ಒಂದು ವಿಷಯ ಹೇಳಿ. ಮೊಣಕಾಲಿನ ಉಪಾಯ ನಿಮಗೆ ಯಾರು ಹೇಳಿದ್ದು?"

"ಅಪ್ಪ. ಚಿಕ್ಕಂದಿನಿಂದ ಕೇಳಿದೀನಿ. ಊಟಕ್ಕೆ ಕೂತಾಗ ಇದ್ದಕ್ಕಿದ್ದ ಹಾಗೆ ಅಂತಾರೆ: ಹಿಡಿ ಕೆಳಗೆ ಮೊಣಕಾಲು ಕೊಟ್ಟು ಎತ್ತಿದ್ರೆ ಬರ್ತಿತ್ತು ಆ ಬಾಗಿಲು, ಬರ್ತಿತ್ತು ಅಂತ."

"ಬರಬಹುದಿತ್ತು ಅಂತಲ್ಲ. ಬರ್ತಿತ್ತು ಅಂತ."

"ಹೌ…"

ನೆನಪಮ್ಮ ಅಲ್ಲಿಗೇ ನಿಂತಳು.

ಬೇರೆಯವರ ತಪ್ಪನ್ನು ಹಿಡಿಯುವುದೇ ಅವಳ ಕಸುಬು. ಮೊದಲನೇ ಶಾಟಿನಲ್ಲಿ ಮುಚ್ಚಿದ್ದ ಕಿಟಕಿ ಎರಡನೆಯದರಲ್ಲಿ ತೆರೆದಿದ್ದರೆ ಮೊದಲು ಕಾಣುತ್ತಿದ್ದದ್ದು ಅವಳಿಗೆ. ಈಗ ಕಂಡಿತು. ಕಾರ್ಪೆಟ್ ಹಾಕಿದ ಮೇಲೆ ಆ ಬಾಗಿಲನ್ನು ಕಣ್ಣಿಂದಲೂ ನೋಡಿಲ್ಲ ಎಂದಿದ್ದ ಬಡಗಿಗೆ, ಅದು ಹೇಗೆ ತೆರೆಯುತ್ತಿತ್ತು ಎಂಬುದು ಗೊತ್ತಿತ್ತು.

"ಅಪ್ಪನಿಗೆ ಫೋನ್ ಮಾಡಿ," ಎಂದರು ಇನ್ಸ್‌ಪೆಕ್ಟರ್. "ಸ್ಪೀಕರ್ ಹಾಕಿ. ಕೇಳೋದು ನಾನಾದ್ರೂ ಸರಿ, ನೀವಾದ್ರೂ ಸರಿ."

"ನಾನೇ ಕೇಳ್ತೀನಿ."

ಫೋನ್ ನಾಲ್ಕು ಸಲ ರಿಂಗಾಯಿತು. ಆ ಕಡೆ ಉಳಿಯ ಸದ್ದು ನಿಂತಿತು.

"ಏನಮ್ಮ, ಇಷ್ಟು ಬೇಗ? ಕೆಲಸ ಮುಗೀತಾ?"

"ಅಪ್ಪಾ, ಕಾರ್ಪೆಟ್ ಹಾಕಿದ ಮೇಲೆ ನೀನು ಆ ಬಾಗಿಲು ಮುಟ್ಟಿದ್ಯಾ?"

ಸ್ಪಂಜಿನ ಕೋಣೆಯಲ್ಲಿ ಮುದುಕನ ಉಸಿರು ಪಕ್ಕದಲ್ಲೇ ಇದ್ದಂತೆ ಕೇಳಿತು.

"ಪಕ್ಕದಲ್ಲಿ ಯಾರಿದಾರೆ?"

"ಪೊಲೀಸ್ ಇದಾರೆ ಅಪ್ಪ. ಸುಳ್ಳು ಹೇಳ್ಬೇಡ. ನಾನು ನಿನಗೋಸ್ಕರ ಒಂದು ಸುಳ್ಳು ಹೇಳಿ ಆಗಿದೆ."

ಇನ್ಸ್‌ಪೆಕ್ಟರ್ ತಮ್ಮ ಹೆಸರು, ಹುದ್ದೆ ಹೇಳಿದರು. ಈ ಮಾತನ್ನು ಬರೆದುಕೊಳ್ಳುತ್ತಿರುವುದಾಗಿಯೂ ಹೇಳಿದರು.

"ಬರ್ಕೊಳ್ಳಿ," ಎಂದ ಮುದುಕ. "ಕಾವಲಿನೋನು ಹೇಳಿ ಕಳಿಸಿದ್ದ. ನಿಜ. ಹೋಗಿದ್ದೆ. ನಾಲ್ಕು ಕಾಲು, ನಾಲ್ಕು ಇಪ್ಪತ್ತಿರಬೇಕು. ಬಾಗಿಲು ಕಚ್ಕೊಂಡಿತ್ತು. ಹೊರಗಿಂದ ಮೊಣಕಾಲು ಕೊಟ್ಟು ಎತ್ತಿ ತಳ್ಳಿದೆ. ಒಂದು ಗೇಣು ಬಂತು. ಒಳಗೆ ಜಗಳ ಆಗ್ತಿತ್ತು. ಜೋರು ಜಗಳ. ನಾನು ಕೆಲಸದೋನು, ಮಧ್ಯೆ ಹೋಗೋದು ಹೇಗೆ? ನಾಳೆ ಬಂದು ಬುಡ ಕೆತ್ತೋಣ ಅಂತ ಮತ್ತೆ ಎಳ್ಕೊಂಡು ಬಂದೆ."

"ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಾಗ್ತಿತ್ತು ಮೇಡಂ? ಬಾಗಿಲು ಕಚ್ಕೊಂಡಿದೆ ಅಂತ ಗೊತ್ತಿದ್ದೂ ಬಿಟ್ಟುಬಂದ ಅಂತ ಆಗ್ತಿತ್ತು. ಗೊತ್ತಿಲ್ಲ ಅಂದಿದ್ದಕ್ಕೆ ಎರಡು ವರ್ಷ. ಗೊತ್ತಿತ್ತು ಅಂದಿದ್ರೆ ಎಷ್ಟು?"

ನೆನಪಮ್ಮ ಡ್ರಮ್ಮಿನ ಅಂಚು ಹಿಡಿದು ನಿಂತಿದ್ದಳು. ಅಪ್ಪನ ಮೇಲಿನ ಕಳಂಕ ತೊಳೆಯಲು ತಾನೇ ಹೆಣೆದ ಬಲೆ, ಇಪ್ಪತ್ತೆರಡು ವರ್ಷ ನಿಜ ಮುಚ್ಚಿಟ್ಟಿದ್ದ ಅಪ್ಪನನ್ನೇ ತಂದು ಕೆಡವಿತ್ತು.

"ಜಗಳ ಅಂದ್ರಿ," ಎಂದರು ಇನ್ಸ್‌ಪೆಕ್ಟರ್. "ಜಗಳಕ್ಕೆ ಇಬ್ಬರು ಬೇಕು."

"ಇಬ್ಬರಿದ್ರು. ಒಬ್ಬ ಡ್ರಮ್ ಹೊಡೆಯೋನು, ಅವನ ದನಿ ಗೊತ್ತು. ಇನ್ನೊಂದು ದನಿ ತಗ್ಗಿತ್ತು. ಗಂಡೋ ಹೆಣ್ಣೋ, ಆಣೆ ಮಾಡಿ ಹೇಳಲಾರೆ."

ಶಿಕ್ಷೆ ಅನುಭವಿಸಿದವನೊಬ್ಬ ಇಪ್ಪತ್ತೆರಡು ವರ್ಷದ ಮೇಲೆ ಫೋನಿನಲ್ಲಿ ಹೇಳಿದ ಮಾತು. ಯಾವ ಕೋರ್ಟೂ ಇದನ್ನು ತೂಕಕ್ಕೆ ಹಾಕುವುದಿಲ್ಲ ಎಂಬುದು ಇನ್ಸ್‌ಪೆಕ್ಟರ್‌ಗೆ ಗೊತ್ತಿತ್ತು. ನಾಲ್ಕು ನಲವತ್ತು. ಹೊರಗೆ ಏಣಿ ಎಳೆದ ಕಂಪನ ನೆಲದಲ್ಲಿ ತಿಳಿಯಿತು.

ಅವರು ಎದ್ದು ಬಾಗಿಲ ಬಳಿ ಹೋದರು. ಮುದುಕ ಹೇಳಿದ್ದನ್ನು ತಾವೇ ಮಾಡಿ ನೋಡಲು ಹೊರಟರು. ಬಲಗೈ ಹಿಡಿಯ ಮೇಲೆ. ಮೊಣಕಾಲು ಕೆಳಗೆ.

ಎಡಗೈ ಖಾಲಿ ಉಳಿಯಿತು.

ಅವರು ಹಾಗೆಯೇ ನಿಂತು ಫೋನಿನ ಕಡೆ ತಿರುಗಿದರು. "ಮೇಸ್ತ್ರಿ, ಹೊರಗಿಂದ ತಳ್ಳೋಕೆ ಮೊಣಕಾಲು ಸಾಕಾಯ್ತು. ಒಳಗಿಂದ ಎಳೆಯೋದಾದ್ರೆ?"

"ಒಳಗಿಂದ ಬರೀ ಮೊಣಕಾಲಿಗೆ ಬರಲ್ಲ." ಕಸುಬಿನ ಮಾತು ಬಂದದ್ದರಿಂದ ಮುದುಕನ ದನಿ ಗಟ್ಟಿಯಾಯಿತು. "ಎಳೆದ್ರೆ ನೀವೇ ಬಾಗಿಲ ಕಡೆ ಹೋಗ್ತೀರಿ, ಬಾಗಿಲು ನಿಮ್ಮ ಕಡೆ ಬರಲ್ಲ. ಇನ್ನೊಂದು ಕೈಯನ್ನ ಚೌಕಟ್ಟಿಗೆ ಒತ್ತಿ ಹಿಡೀಬೇಕು. ಮೇಲ್ಗಡೆ, ತಲೆ ಮಟ್ಟಕ್ಕೆ. ಆಗ ಜೋರು ಸಿಗುತ್ತೆ. ಬಡಗಿ ಆದೋನಿಗೆ ಯೋಚಿಸಿದ್ರೆ ಹೊಳೆಯುತ್ತೆ. ಬೇರೆಯೋರು ಒದ್ದಾಡಿ ಕಲೀಬೇಕು."

"ಇದನ್ನ ಮಗಳಿಗೆ ಹೇಳಿದ್ರಾ?"

"ಇಲ್ಲ. ಒಳಗೆ ನಾನು ಹೋಗೇ ಇಲ್ಲವಲ್ಲ."

"ಇಲ್ಲ ಮೇಡಂ," ಎಂದಳು ನೆನಪಮ್ಮ ಕೂಡ. "ಟೇಕಲ್ಲಿ ಅಂಗೈ ಕಂಡಿತು, ಬರೆದೆ. ನನ್ನ ಪುಟದಲ್ಲಿ ಅದಿರಲಿಲ್ಲ. ಅಕ್ಕ ಸೇರಿಸಿದ್ರು ಅಂದ್ಕೊಂಡೆ."

ಇನ್ಸ್‌ಪೆಕ್ಟರ್ ಹಳದಿ ಹಾಳೆಯನ್ನು ಮತ್ತೆ ಬಿಚ್ಚಿದರು. ಮೊಣಕಾಲು ಇತ್ತು. ಅಂಗೈ ಇರಲಿಲ್ಲ.

"ಪುಟದಲ್ಲಿ ಇಲ್ಲದ ಒಂದು ಅಕ್ಷರವನ್ನೂ ಸೇರಿಸಿಲ್ಲ ಅಂದ್ರಿ," ಎಂದು ಅಕ್ಕನಿಗೆ ಹೇಳಿದರು. "ಅಂಗೈ ಎಲ್ಲಿಂದ ಬಂತು?"

ಅಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದವಳು ನಿಲ್ಲಿಸಿದಳು. ಅವಳು ನೋಡಿದ್ದು ಇನ್ಸ್‌ಪೆಕ್ಟರನ್ನಲ್ಲ, ತಮ್ಮನನ್ನು. ಆ ನೋಟದಲ್ಲಿ ಇದ್ದದ್ದು ಪ್ರಶ್ನೆಯೋ, ಎಚ್ಚರಿಕೆಯೋ, ಗೊತ್ತಾಗಲಿಲ್ಲ. ಒಂದು, ಎರಡು, ಮೂರು ಸೆಕೆಂಡು. ನೆನಪಮ್ಮನ ಬೆರಳು ಅಭ್ಯಾಸಬಲದಿಂದ ಸ್ಟಾಪ್‌ವಾಚಿನ ಮೇಲಿತ್ತು.

"ನಾನೇ ತೋರಿಸಿದ್ದು," ಎಂದಳು ಅಕ್ಕ. "ಅಂಗೈನೂ ನಾನೇ. ಬರ್ಕೊಳ್ಳಿ."

"ಹಾಗೆ ಬರ್ಕೊಂಡ್ರೆ ಏನರ್ಥ ಅಂತ ಗೊತ್ತಾ ನಿಮಗೆ? ಆ ದಿನ ನೀವು ಆ ಕೋಣೆಯ ಒಳಗಿದ್ರಿ. ಹೊರಗೆ ಬಂದ್ರಿ. ಬಾಗಿಲು ಕಚ್ಚುತ್ತೆ ಅಂತ ಗೊತ್ತಿದ್ದೂ ಅವನನ್ನ ಅಲ್ಲೇ ಬಿಟ್ರಿ. ಬಡಗಿ ಜೈಲಿಗೆ ಹೋಗೋದನ್ನ ನೋಡ್ಕೊಂಡು ಸುಮ್ಮನಿದ್ರಿ."

"ಓದು ಬಂದೋಳು ನಾನು. ಅರ್ಥ ಗೊತ್ತು. ಬರ್ಕೊಳ್ಳಿ ಅಂದೆನಲ್ಲ." ಅವಳು ತಮ್ಮನ ಹೆಗಲ ಮೇಲೆ ಕೈ ಇಟ್ಟಳು. "ಪುಟ್ಟ, ಏಳು. ನಿನ್ನದು ಮುಗೀತು. ಹೋಗಿ ಕಾರಲ್ಲಿ ಕೂತ್ಕೋ."

ಗಾಯಕ ಎದ್ದ. ಹೇಳಿದಂತೆ ಮಾಡಿ ಅಭ್ಯಾಸವಿದ್ದವನು. ಬಾಗಿಲವರೆಗೆ ಹೋದ. ಬಲಗೈ ಹಿಡಿಯ ಮೇಲೆ ಹೋಯಿತು. ಎಡಗೈ ತಾನಾಗಿಯೇ ಮೇಲೆದ್ದು ಚೌಕಟ್ಟನ್ನು ಹುಡುಕಿತು, ಅದರ ಜಾಗಕ್ಕೆ ಹೋಗಿ ಕೂತಿತು.

ಅವನು ಆ ಕೈಯನ್ನು ನೋಡಿದ. ಯಾರದೋ ಕೈಯನ್ನು ನೋಡುವಂತೆ ನೋಡಿದ.

ಅವನು ಬಾಗಿಲನ್ನು ಎಳೆಯಲಿಲ್ಲ. ತಿರುಗಿ ಅದಕ್ಕೆ ಬೆನ್ನು ಕೊಟ್ಟು ನಿಂತ.

"ಇಲ್ಲ ಅಕ್ಕ," ಎಂದ. "ನೀನು ತೋರಿಸಿದ್ದು ಮೊಣಕಾಲು ಮಾತ್ರ. ಅಂಗೈ ನಂದು."